ಕಾರವಾರ ನೋಡದವಳು

ರೈಲ್ವೆ ಗೇಟು ಬಿದ್ದಿದೆ. ಅಶೋಕ ರಸ್ತೆಯ ತುಂಬ
ಆಟೋ, ಲಗೇಜು ಗಾಡಿ, ಎಳನೀರಿನ ಸೈಕಲ್ಲು.
ಪಕ್ಕದ ಸ್ಕೂಟರಿನ ಹೆಂಗಸು ಕೇಳುತ್ತಾಳೆ:
'ಯುರೋಪಿಗೆ ಹೋಗಿದ್ರಂತೆ ಅಕ್ಕಾ, ಏನೇನ್ ನೋಡಿದ್ರಿ?'
ಗೂಡ್ಸು ರೈಲು ದಾಟುವಷ್ಟರಲ್ಲಿ ಹೇಳಬೇಕು.

ಏನು ಹೇಳಲಿ.
ಮೂವತ್ತೆರಡು ವರ್ಷ ಚಾಮರಾಜಪೇಟೆ ಸರ್ಕಲ್ಲಿನಲ್ಲಿ
ಊರವರ ಸೀರೆಗೆ ಫಾಲ್ ಹಚ್ಚಿದವಳು ನಾನು.
ಚೀಟಿ ಎತ್ತಿದ ದುಡ್ಡು, ನಾದಿನಿ ಕೊಟ್ರಮ್ಮನ ಹಟ,
ಟೂರಿನವರು ಹಂಚಿದ ಕಿತ್ತಳೆ ಟೋಪಿ,
ಹದಿನಾರು ದಿನ, ಒಂಬತ್ತು ಊರು,
ಶೇಂಗಾ ಚಟ್ನಿಪುಡಿ ಎರಡು ಕೆಜಿ.

ಪ್ಯಾರಿಸಿನ ಗೋಪುರದ ಬುಡದಲ್ಲಿ ತಪಾಸಣೆ.
ಕೊಟ್ರಮ್ಮನ ಕೊರಳ ಕರಡಿಗೆ ಬೀಪ್ ಅಂದಿತು.
ಬಿಚ್ಚಿ ತಟ್ಟೆಗೆ ಹಾಕು ಎಂಬ ಕೈಸನ್ನೆಗೆ
'ಮೆಟ್ಟು ಇಟ್ಟ ತಟ್ಟೇಲಿ ಲಿಂಗಪ್ಪನ್ನ ಇಡಾಕಾಗಲ್ಲಪ್ಪ' ಎಂದು
ಅಚ್ಚ ದಾವಣಗೆರೆ ಮಾತಲ್ಲಿ ತಿಳಿಸಿದಳು.
ಅರ್ಧ ಗಂಟೆ. ಮೂವರು ಅಧಿಕಾರಿಗಳು. ಹಿಂದೆ ಸಾಲು ಗೊಣಗುತ್ತಿತ್ತು.
ಕೊನೆಗೊಬ್ಬ ಹುಡುಗಿ ಮಡಿಕೆ ಮುರಿಯದ ಕರವಸ್ತ್ರ ಹಾಸಿ
ಎರಡೂ ಅಂಗೈ ಜೋಡಿಸಿ ಹಿಡಿದಳು.
ಉಗುರಿಗೆ ನೀಲಿ ಬಣ್ಣ.
ಗೋಪುರ ಎಷ್ಟೆತ್ತರ ಅಂತ ನನ್ನ ಕೇಳಬೇಡಿ.

ಓಸ್ಟೆಂಡ್ ಎಂಬಲ್ಲಿ ಬಸ್ಸು ತಿರುಗಿತು.
ಎದುರಿಗೆ ಏನೂ ಇಲ್ಲ.
ಆ ಏನೂ ಇಲ್ಲದ್ದೇ ಸಮುದ್ರ ಎಂದು ತಿಳಿಯಲು
ಒಂದು ಗಳಿಗೆ ಬೇಕಾಯಿತು.
ಅರವತ್ತೊಂದು ವರ್ಷ. ಕಾರವಾರಕ್ಕೆ ಇಲ್ಲಿಂದ ಒಂದು ರಾತ್ರಿಯ ಬಸ್ಸು.
ಹೋಗಲಿಲ್ಲ. ಮದುವೆ ಸೀಸನ್ನು, ಜಿಗ್‌ಜ್ಯಾಗ್ ಮೆಷಿನ್ನು ಕೆಟ್ಟದ್ದು,
ಯಾರದೋ ಬಾಣಂತನ.
ನಮ್ಮದನ್ನು ಬಿಟ್ಟು ಪರರ ಸಮುದ್ರಕ್ಕೆ
ಮೊದಲು ಕಾಲು ಕೊಟ್ಟೆ. ಫ್ರಿಜ್ಜಿನ ನೀರು.
ಅಂಚು ನೋಡಿದೆ. ಕಸುಬು ಬಿಡುತ್ತದೆಯೇ?
ಮಡಚುತ್ತದೆ, ಬಿಚ್ಚುತ್ತದೆ, ಮತ್ತೆ ಮಡಚುತ್ತದೆ,
ಯಾರೂ ಸೂಜಿ ಹಾಕುವುದಿಲ್ಲ.
ಇಷ್ಟು ದೊಡ್ಡ ಬಟ್ಟೆ, ಅಂಚು ಹೊಲಿಯದೆ ಬಿಟ್ಟಿದ್ದಾರಲ್ಲ ಎಂದು
ಹೊಟ್ಟೆ ಚುರ್ರೆಂದಿತು.

ಬ್ರಸೆಲ್ಸು ಮಳೆಯಲ್ಲಿ ಹೋಯಿತು. ಜ್ಯೂರಿಕ್ಕಿನಲ್ಲಿ ನಿದ್ದೆ.
ವೆನಿಸ್ಸಿನಲ್ಲಿ ಮಂಡಿಪೇಟೆಯ ಮುರಿಗೆಪ್ಪನವರು ಕಳೆದುಹೋಗಿ
ಐಸ್‌ಕ್ರೀಂ ಅಂಗಡಿಯಲ್ಲಿ ಸಿಕ್ಕರು, ಕೈಯಲ್ಲಿ ಮೂರನೆಯ ಕೋನು,
ಸಕ್ಕರೆ ಕಾಯಿಲೆಯ ಮನುಷ್ಯ.
ಮನೆಯವಳಿಗೆ ಹೇಳಬೇಡಿ ಎಂದಿದ್ದರು. ಹೇಳಿಬಿಟ್ಟೆ ನೋಡಿ.

ಆಮೇಲೆ ರಾಪಾಲೊ. ನಕ್ಷೆಯಲ್ಲಿ ಎಳ್ಳುಕಾಳಿನಷ್ಟು,
ಸಮುದ್ರದ ಮಗ್ಗುಲಿಗೆ ಬಣ್ಣದ ಮನೆಗಳು, ಕಿಟಕಿಗೆಲ್ಲ ಒಣಹಾಕಿದ ಬನಿಯನ್ನು.
ಬಾಗಿಲಲ್ಲಿ ಒಬ್ಬ ಮುದುಕಿ, ಮಡಿಲಲ್ಲಿ ದಿಂಬು,
ದಿಂಬಿನ ತುಂಬ ಗುಂಡುಸೂಜಿ, ಕಟ್ಟಿಗೆ ಕಡ್ಡಿಗಳನ್ನು
ಟಕಟಕ ಹೊರಳಿಸುತ್ತ ಲೇಸ್ ಹೆಣೆಯುತ್ತಿದ್ದಳು.
ನಿಂತೆ. ಅವಳೂ ನೋಡಿದಳು, ಮುಖವನ್ನಲ್ಲ,
ನನ್ನ ಇಳಕಲ್ ಸೀರೆಯ ಕೆಳಗಿನ ಅಂಚನ್ನು.
ಬಗ್ಗಿ ತಿರುವಿದಳು. ಫಾಲಿನ ಮೇಲೆ ಬೆರಳೋಡಿಸುತ್ತ
ಒಂದು ಕಡೆ ನಿಲ್ಲಿಸಿದಳು.
ನಾಲ್ಕು ಹೊಲಿಗೆ ಬಿಟ್ಟಿತ್ತು.
ಊರಿಗೆಲ್ಲ ಹಚ್ಚಿದವಳು ನಾನು, ನನ್ನದಕ್ಕೆ!
ಕಿವಿಯವರೆಗೆ ಬಿಸಿಯಾಯಿತು. ಅವಳು ನಗಲಿಲ್ಲ.
ಬಿಳಿ ದಾರ. ಒಂದೇ ಸಲಕ್ಕೆ ಪೋಣಿಸಿದಳು ಆ ವಯಸ್ಸಿನಲ್ಲಿ.
ಹಾಕಿ, ಹಲ್ಲಲ್ಲಿ ಕಚ್ಚಿ ಹರಿದು, ಸೀರೆ ಒದರಿ ಬಿಟ್ಟಳು
ಕೆಲಸ ಮುಗಿಸಿ ಏಳುವಾಗ ನಾನು ಒದರುವ ಹಾಗೇ.
ದುಡ್ಡು ಕೊಡಹೋದರೆ ಕೈ ತಳ್ಳಿದಳು.
ಚಟ್ನಿಪುಡಿ ಕೊಟ್ಟೆ. ಮೂಸಿ ಸೀನಿದಳು.

ಗಾರ್ಡಿನ ಡಬ್ಬಿ ದಾಟಿತು. ಗೇಟು ಏಳುತ್ತಿದೆ.
'ಎಲ್ಲಾ ಚೆನ್ನಾಗಿತ್ತವ್ವ' ಎನ್ನುತ್ತೇನೆ.
ಹಾರ್ನಿನ ಗದ್ದಲದಲ್ಲಿ ಅದೂ ಕೇಳಿಸಲಿಲ್ಲವೇನೋ.

ಸಂಜೆ ಕುಂದವಾಡ ಕೆರೆ ಏರಿಯ ಮೇಲೆ ನಾನು, ಕೊಟ್ರಮ್ಮ.
ಆಚೆ ಗಾಜಿನ ಮನೆಗೆ ದೀಪ ಹಾಕಿದ್ದಾರೆ.
ಕೆರೆಯ ನೀರು ಕಲ್ಲಿನವರೆಗೆ ಬಂದು ಸುಮ್ಮನೆ ನಿಲ್ಲುತ್ತದೆ,
ಯಾರೋ ಒಪ್ಪವಾಗಿ ಫಾಲ್ ಹಚ್ಚಿದ ಹಾಗೆ.
ಉಟ್ಟಿದ್ದು ಅದೇ ಕಡುನೀಲಿ ಸೀರೆ, ಒಳಗೆ ನಾಲ್ಕು ಬಿಳಿ ಹೊಲಿಗೆ.
ಬಣ್ಣ ಹೊಂದುವುದಿಲ್ಲ. ಬಿಚ್ಚಿಲ್ಲ.
'ಮುಂದಿನ ಬೇಸಿಗೆ ಕಾರವಾರ ನೋಡಾಣೇನ್ ಕೊಟ್ರಮ್ಮ?'
ಶೇಂಗಾದ ಸಿಪ್ಪೆ ಊದುತ್ತ ಅಂದಳು:
'ಅದು ಹತ್ರ ಐತಲ್ಲ. ಎಲ್ಲಿಗೆ ಹೋಗ್ತತಿ.'