ಖಾಲಿ ಕಾಗದದ ತೂಕ

ಮೊದಲು ಕಾಗದವನ್ನು ತೂಗಬೇಕು, ಅದಿನ್ನೂ ಖಾಲಿ ಇದ್ದಾಗ.
ಕೈ ತಾಗಬಾರದು, ಚಿಮಟದಲ್ಲೇ ಹಿಡಿಯಬೇಕು,
ಫ್ಯಾನ್ ಆರಿಸಬೇಕು, ಉಸಿರನ್ನೂ ಪಕ್ಕಕ್ಕೆ ಬಿಡಬೇಕು.
ಗ್ರಾಮಿನ ಹತ್ತು ಸಾವಿರದ ಒಂದು ಪಾಲಿಗೂ ಬೆಚ್ಚುವ ತಕ್ಕಡಿ
ಗಾಜಿನ ಗೂಡಿನೊಳಗೆ
ದಿನ ತುಂಬದ ಕೂಸಿನ ಹಾಗೆ ಇರುತ್ತದೆ.

ಕವರಿಗೆ ಹಾಕಿ, ನಂಬರು ಬರೆದು,
ಯಂತ್ರವನ್ನು ಲಗೇಜ್ ಆಟೋಕ್ಕೆ ಹೇರಿ
ಭಟ್ಟಿ ಓಣಿಗೆ ಬಂದೆ.
ದಾವಣಗೆರೆಯ ಈ ಮೂಲೆಗೆ ವಿಳಾಸ ಕೇಳಬೇಕಿಲ್ಲ,
ಕಣ್ಣುರಿ ಹೇಳುತ್ತದೆ.

ಬರಲಿರುವುದು ಆರು ಪಥದ ರಸ್ತೆ, ಅದರ ಬಗಲಿಗೆ
ಒಂಬತ್ತು ಮಹಡಿಯ ವಾಣಿಜ್ಯ ಸಂಕೀರ್ಣ,
ನೆಲಮಾಳಿಗೆಯಲ್ಲಿ ನಾನೂರು ಕಾರು.
ಬಂದರೆ ಗಾಳಿಗೆ ಏನಾದೀತು ಅಂತ ಹೇಳಲು
ಈಗ ಗಾಳಿ ಹೇಗಿದೆ ಅಂತ ತಿಳಿಯಬೇಕು.
ನನ್ನ ಸಂಬಳ ಆ 'ಈಗ'ಕ್ಕೆ.

ಖೈರುನ್‌ಬೀ ಮಾಳಿಗೆ ಕೊಟ್ಟಳು, ಕರೆಂಟೂ ಕೊಟ್ಟಳು.
ಸೋಮವಾರ ಬೆಳಗ್ಗೆ ಆರರಿಂದ ಮಂಗಳವಾರ ಆರರವರೆಗೆ
ಯಂತ್ರ ಗುಂಯ್ ಎಂದಿತು.
ಕೆಳಗೆ ನೆನೆದ ಭತ್ತ, ಕಾದ ಮರಳು,
ಬಾಣಲೆಗೆ ಬಿದ್ದ ಅಕ್ಕಿ ಬೆಚ್ಚಿ ಎದ್ದು ಕೂರುವ ಸದ್ದು,
ಒಲೆಯ ಬಾಯಿಗೆ ಮೊರದಿಂದ ಹೊಟ್ಟು.

"ಏನ್ ತೂಗ್ತತಿ ಇದು?"
"ಗಾಳೀನ."
ನಕ್ಕಳು. ಅವಳಿಗಿಂತ ಎತ್ತರದ ಚೀಲವೊಂದನ್ನು
ಒಂದೇ ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟಳು.
"ಹಗೂರದ್ದನ್ನ ಯಾರಾದ್ರೂ ತೂಗ್ತಾರೇನಪ್ಪ?
ಮಂಡಕ್ಕೀನ ಸೇರಿನಾಗ ಅಳೀತಾರ, ಮ್ಯಾಲೆ ಗೋಪುರ ಮಾಡಿ.
ತೂಗಾಕ್ ಹತ್ತಿದ್ರೆ ನಾವ್ ಉಪಾಸ."

ಆಮೇಲೆ ಕೆಮ್ಮಿದಳು.
"ನಮ್ಮಪ್ಪನ ಕೆಮ್ಮು ಗಿರಣಿ ಹತ್ತೀದು, ನಂದು ಹೊಟ್ಟಿಂದು.
ನಿನ್ ಪೇಪರಿನಾಗ ಬ್ಯಾರೆ ಬ್ಯಾರೆ ಕಾಣ್ತಾವೇನು?"

ಕಾಣುವುದಿಲ್ಲ.
ಮೊದಲನೆಯ ಕಾಗದ ಮುದಿ ಗುಬ್ಬಿಯ ಬೆನ್ನಿನ ಬಣ್ಣಕ್ಕೆ ಬಂದಿತ್ತು:
ಮುನ್ನೂರ ಹದಿನಾಲ್ಕು. ಮಿತಿ ನೂರು.

ಎರಡನೆಯದು ಗುರುವಾರ.
ಬುಧವಾರ ರಾತ್ರಿ ಓಣಿಯ ಹಿರಿಯ ಬುಡೇನ್ ಸಾಬರು ತೀರಿಕೊಂಡರು.
ಯಾರೂ ಹೇಳಲಿಲ್ಲ, ಒಲೆಗಳು ತಾವೇ ಎಂಬಂತೆ ಆರಿದವು.
ಮಾಳಿಗೆಯ ಮೇಲೆ ಯಂತ್ರದ ಪಕ್ಕ ಮಲಗಿದವನಿಗೆ
ನಡುರಾತ್ರಿ ನಕ್ಷತ್ರ ಕಂಡವು,
ದೂರದ ನಾಲೆಯ ತೇವದ ವಾಸನೆ ಬಂತು.
ಈ ಊರಿಗೆ ಅಂಥದ್ದೊಂದು ವಾಸನೆ ಇದೆಯೆಂದು
ಇಲ್ಲೇ ಹುಟ್ಟಿದ ನನಗೆ ಗೊತ್ತಿರಲಿಲ್ಲ.
ಅಂಕಿ: ತೊಂಬತ್ತೊಂದು.

ಫೋನಿನಲ್ಲಿ ಸಾಹೇಬರು ಸ್ವಲ್ಪ ಹೊತ್ತು ಸುಮ್ಮನಿದ್ದರು.
"ಒಲೆ ಆರಿದ ದಿನ ಲೆಕ್ಕಕ್ಕಿಲ್ಲ, ಬಿಡು. ಇನ್ನೊಮ್ಮೆ ಇಡು.
ಮುನ್ನೂರರ ಮುಂದೆ ನಾನೂರು ಕಾರು ಎಷ್ಟರವು?
ಭಟ್ಟಿ ಎತ್ತಿದರೆ ಗಾಳಿ ಸುಧಾರಿಸುತ್ತದೆ ಅಂತಲೇ ಬರೆಯಬಹುದು."

ಸುಳ್ಳಲ್ಲ. ಕಷ್ಟ ಇರುವುದೇ ಅಲ್ಲಿ.
ಅವಳ ಕೆಮ್ಮೇ ಅವಳ ವಿರುದ್ಧ ಸಾಕ್ಷಿ ಹೇಳಲು
ನನ್ನ ಕವರಿನಲ್ಲಿ ಕೂತಿದೆ.
ಎತ್ತಿದ ಭಟ್ಟಿ ಎಲ್ಲಿಗೆ ಹೋಗಿ ಇಳಿಯುತ್ತದೆ,
ಯಾರ ಮಾಳಿಗೆಗೆ ಅದರ ಹೊಗೆ,
ಅಲ್ಲಿಗೆ ಯಂತ್ರ ಕಳಿಸುವ ಬಾಡಿಗೆ ಈ ಟೆಂಡರಿನಲ್ಲಿಲ್ಲ.

ಹೊರಡುವಾಗ ಒಂದು ಸೇರು ಅಳೆದು ಕಟ್ಟಿದಳು,
ಮೇಲೊಂದು ಹಿಡಿ. ದುಡ್ಡು ಮುಟ್ಟಲಿಲ್ಲ.

ಆ ಗುರುವಾರದ ಕವರನ್ನು ಫೈಲಿಗೆ ಹಾಕಿಲ್ಲ, ಎಸೆದೂ ಇಲ್ಲ.
ನಂಬರು ಬರೆಯುವ ಜಾಗದಲ್ಲಿ 'ಬುಡೇನ್ ಸಾಬ್' ಅಂತ ಬರೆದು
ಡ್ರಾಯರಿನಲ್ಲಿಟ್ಟಿದ್ದೇನೆ.

ಲ್ಯಾಬಿನಲ್ಲಿ ಯಾರೂ ಇರಲಿಲ್ಲ.
ಗಾಜು ಸರಿಸಿ ತಕ್ಕಡಿಯ ಮೇಲೆ
ಒಂದು ಮಂಡಕ್ಕಿ ಕಾಳಿಟ್ಟೆ, ಒಂದೇ ಒಂದು.
ಕೊನೆಯ ಅಂಕಿ ನಿಲ್ಲಲಿಲ್ಲ,
ಏರಿತು, ಇಳಿಯಿತು, ಮತ್ತೆ ಏರಿತು,
ನಾನೇ ಉಸಿರಾಡುತ್ತಿದ್ದೆನೇನೋ.

ಆಮೇಲೆ ತಿಂದೆ.
ಸ್ವಲ್ಪ ಉಪ್ಪು, ಸ್ವಲ್ಪ ಹೊಗೆ.