ಕಾಜದಷ್ಟು ತೂತು

ನಮ್ಮ ಹಿತ್ತಲಿಗೆ ಮೂರೇ ಗ್ವಾಡಿ ನಮ್ಮವು,
ನಾಲ್ಕನೇದು ಮುದಗಲ್ಲ ಕ್ವಾಟಿದು.
ಕಲ್ಲುಗಳ ನಡುವಿನ ಗಾರಿ ಉದುರಿ
ಯಾವ ಕಾಲದ್ದೋ ಹೊಲಿಗಿ ಬಿಚ್ಚಿಕೊಂಡಂಗ
ಅಲ್ಲೊಂದು ಸೀಳು.
ಅಲ್ಲಿಂದ ಅದು ಬರತೈತಿ.

ಮೊದಲಿಗೆ ತತ್ತಿ ಎಣಿಕಿ ತಪ್ಪಿತು.
ಐದು ಇರಬೇಕಾದಲ್ಲಿ ಮೂರು.
ತಂಗಿ ಮಗ ಖಾಸೀಂನ ಕೇಳಿದೆ: ಕದ್ದು ತಿಂದಿ ಏನೋ?
ಅವ ಅತ್ತ. ಪಾಪ, ಬಾಯಾಗ ಬರೇ ಪೆಪ್ಪರಮೆಂಟಿನ ವಾಸನಿ.
ಆಮ್ಯಾಲ ಒಂದು ಮಧ್ಯಾಹ್ನ
ಮಷೀನಿನ ಪೆಡಲ್ ನಿಂತ ಹೊತ್ತಿನ್ಯಾಗ
ಬೋಳಕುತ್ತಿಗಿ ಹ್ಯಾಟಿ ಕೂಗಿದ ಕೂಗು
ತತ್ತಿ ಇಟ್ಟ ಕೂಗಲ್ಲ ಅಂತ ಮೈಗೆ ತಿಳೀತು.

ಊರು ಅಂದಮ್ಯಾಲ ಉಪಾಯಕ್ಕೇನು ಬರ?
ಬೆಳ್ಳುಳ್ಳಿ ಜಜ್ಜಿ ಹಾಕು ಮಾಬುನ್ನಿ, ಅಂದಳು ದ್ಯಾವಮ್ಮ.
ಸೀಮೆಣ್ಣಿ ಸುರಿ, ಅಂದ ವೆಲ್ಡಿಂಗಿನ ಚಾಂದಪಾಷಾ.
ಸೀಮೆಣ್ಣಿ ಕಣ್ಣಿಲೆ ನೋಡಿ ಎಷ್ಟು ವರ್ಷ ಆತು!
ಬಡಗಿ ಮೌನೇಶ ಒಂದು ಬಡಿಗಿ ತಂದು ಗೂಡಿಗೆ ಒರಗಿಸಿ
ಕಂಡಾಗ ಹೊಡಿ, ವಿಚಾರ ಮಾಡಬ್ಯಾಡ, ಅಂದ.
ಹೊಡೆದರ ಅದರ ಜೋಡಿ ಹುಡುಕಿಕೊಂಡು ಬರತೈತಿ,
ಅಂದಳು ದ್ಯಾವಮ್ಮ.
ಆಕಿ ಜೋಡಿ ಹೋಗಿ ಹನ್ನೆರಡು ವರ್ಷ. ಯಾರೂ ಬಂದಿಲ್ಲ.

ನಾನು ಹೊಲಿಗಿಯಾಕಿ.
ನನಗ ಗೊತ್ತಿರೋದು ತೂತಿನ ವಿದ್ಯಾ ಒಂದೇ:
ಎಲ್ಲಿ ಬೇಕು, ಎಲ್ಲಿ ಬ್ಯಾಡ, ಎಷ್ಟು ದೊಡ್ಡದು.
ಟೇಪು ಕೊಳ್ಳಾಗ ಹಾಕಿಕೊಂಡು ಗೂಡಿನ ಮುಂದ ಕುಂತೆ.
ಬಾಗಿಲ ಸಂದಿ, ಒಂದೂವರಿ ಇಂಚು.
ಇಲಿ ಕೊರೆದದ್ದು, ಎರಡು.
ತಗಡಿನ ಮೂಲ್ಯಾಗ ನನ್ನ ಹೆಬ್ಬೆರಳು ಸರಾಗ.
ಹೆಬ್ಬೆರಳು ಹೋದಲ್ಲಿ ಹಾವು ಹೋಗತೈತಿ,
ಇಲಿ ಹೋದಲ್ಲಿ ಹಾಡಿಕೋತ ಹೋಗತೈತಿ.
ಚೆಲ್ಲಿದ ಜ್ವಾಳ ಬಳದೆ. ಕಟಿಗಿ ರಾಶಿ ದೂರ ಒಟ್ಟಿದೆ.
ಅಸರ್ ನಮಾಜಿನೊಳಗ ತತ್ತಿ ಆರಿಸಿ ಡಬ್ಬ್ಯಾಗ ಇಟ್ಟೆ.
ಜಾಲರಿಗೆ ರೊಕ್ಕ ಸಾಲಲಿಲ್ಲ;
ಮೀನಿನ ಹಂಪಮ್ಮ ಕೊಟ್ಟ ಹಳೇ ನೈಲಾನ್ ಬಲಿ
ಎರಡು ಮಡಿಕಿ ಮಾಡಿ ಸುತ್ತಿದೆ.

ಅದು ತಪ್ಪು.

ಮುಂಜಾನಿ ಬಲ್ಯಾಗ ಬಿದ್ದಿತ್ತು.
ನಾಗರಲ್ಲ, ಕೇರೆಹಾವು, ನನಗಿಂತ ಉದ್ದ.
ನಡುವೆ ಒಂದು ಉಬ್ಬು.
ತತ್ತಿ ಎಲ್ಲಾ ಡಬ್ಬ್ಯಾಗ ಇದ್ದವು, ಹಂಗಾದರ ಅದು ಇಲಿ.
ಇಷ್ಟು ದಿನ ಕದ್ದದ್ದು ಇದೋ, ಇದರ ಹೊಟ್ಟ್ಯಾಗಿನದೋ,
ಈಗ ಯಾರನ್ನ ಕೇಳೋದು?
ಹೊರಳಿದಷ್ಟೂ ಎಳಿ ಬಿಗಿದು
ಚರ್ಮದ ಅಂಚು ಕೆಂಪಗಾಗಿತ್ತು.
ಹ್ಯಾಟಿಗಳು ಮೂಲ್ಯಾಗ ಮುದ್ದಿಯಾಗಿ ಕುಂತು
ಒಂದೂ ಸೊಲ್ಲಿಲ್ಲ.

ಮೌನೇಶನ ಬಡಿಗಿ ಅಲ್ಲೇ ಇತ್ತು.
ಕೈ ಅದರ ಕಡೆ ಹೋತು, ಸುಳ್ಳು ಹೇಳಂಗಿಲ್ಲ.
ಆದರ ದಾರ ಕಂಡ ಕಣ್ಣು
ಬ್ಯಾರೆ ಏನೂ ನೋಡಲೊಲ್ಲದು:
ಗಂಟು ಎಲ್ಲೈತಿ, ಎಲ್ಲಿಂದ ಬಿಚ್ಚಬೇಕು.
ಖಾಸೀಂ ಒಂದು ಹಳೇ ಲಂಗ ಅದರ ತಲಿ ಮ್ಯಾಲ ಚೆಲ್ಲಿದ.
ನಾನು ಕಾಜ ಕತ್ತರಿಸೋ ಸಣ್ಣ ಕತ್ತರಿ ತಂದೆ.
ಒಂದೊಂದು ಎಳಿ.
ಬಿಗಿಯಾದ ಮದುವಿ ಬ್ಲೌಸು ಬಿಚ್ಚೂವಾಗ
ಬಟ್ಟಿ ಹರೀಬಾರದು ಅಂತ ಉಸಿರು ಹಿಡಿಯೂವಂಗ
ಅರ್ಧ ತಾಸು.
ಮಾಳಿಗಿ ಮ್ಯಾಲಿಂದ ದ್ಯಾವಮ್ಮ ಬೈಯಾಕತ್ತಿದ್ದಳು,
ನನಗೋ ಹಾವಿಗೋ ತಿಳೀಲಿಲ್ಲ.

ಕಡೀ ಎಳಿ ಕತ್ತರಿಸಿದಾಗ ಅದು ಓಡಲಿಲ್ಲ.
ಚೂರು ಹೊತ್ತು ಹಂಗೇ ಇತ್ತು,
ಅಳತಿ ಕೊಡಾಕ ನಿಂತವರಂಗ.
ಆಮ್ಯಾಲ ಲಂಗದಿಂದ ಜಾರಿ ಸೀಳಿನೊಳಗ ಹೋತು.

ಮೂರು ಬ್ಲೌಸಿನ ರೊಕ್ಕ ಕೂಡಿಸಿ ಕಬ್ಬಿಣದ ಜಾಲರಿ ತಂದೆ.
ಕಾಲಿಂಚಿನ ಕಣ್ಣು, ಅಂಗಿ ಗುಂಡಿ ಸೈತ ತೂರದು.
ತಂತೀಲೆ ಅಂಚು ಹೊಲದೆ,
ಕೆಳಗ ಒಂದು ಗೇಣು ಮಣ್ಣಾಗ ಹೂತೆ,
ಸೀರಿ ಫಾಲಿನಂಗ ಮಡಚಿ.
ಕ್ವಾಟಿ ಸೀಳಿಗೂ ಸಿಮೆಂಟ್ ಮೆತ್ತೂಣೇನು, ಕೇಳಿದ ಖಾಸೀಂ.
ಅದು ನನ್ನ ಕಡೆ ಹೊಲಿಯಾಕ ಕೊಟ್ಟ ಬಟ್ಟಿ ಅಲ್ಲ, ಅಂದೆ.

ಲಂಗ ಇನ್ನೂ ಅಲ್ಲೇ ಬಿದ್ದೈತಿ, ಯಾರೂ ಮುಟ್ಟಿಲ್ಲ.
ಬೋಳಕುತ್ತಿಗಿ ಇವತ್ತೂ ತತ್ತಿ ಇಡಲಿಲ್ಲ.
ಅಂಜಿಕಿ ಇಳಿಯಾಕ ಎಂಟು ದಿನ ಬೇಕಂತ ಹ್ಯಾಟಿಗೆ.
ನಾನು ಮಷೀನಿನ ಮುಂದ ಕುಂತೆ.
ಸೂಜಿಗೆ ದಾರ ಪೋಣಿಸಾಕ
ಖಾಸೀಂನ ಕರದೆ.