ಹೇಗೆ, ಹೀಗೆ

ಮೂವತ್ತೊಂದು ವರ್ಷ ಈ ಕ್ಲಬ್ಬಿನ ಬೂಟು ತೊಳೆದವಳು ನಾನು, ಇರ್ಮಾ.
ಮನುಷ್ಯರ ಮುಖ ನೋಡಿದರೆ ನನಗೇನೂ ತಿಳಿಯದು.
ಬೂಟಿನ ಅಟ್ಟೆ ತಿರುವಿ ಕೊಡಿ ಸಾಕು,
ಯಾರು ಓಡಿದರು, ಯಾರು ಓಡಿದ ಹಾಗೆ ಮಾಡಿದರು
ಹೇಳಿಬಿಡುತ್ತೇನೆ.

ನೆಲ್ಸನ್ ಎಚೆಗೋಯೆನ್ ಆಡುತ್ತಿದ್ದ ಕಾಲಕ್ಕೆ
ಅವನ ಬಲಗಾಲಿನ ಬೂಟು ತಿಂಗಳಿಗೊಂದು ಸವೆಯುತ್ತಿತ್ತು.
ಎಡಗಾಲಿನದು ಮದುವೆಗೆ ಮೆಟ್ಟಿಕೊಂಡು ಹೋಗುವಷ್ಟು ಹೊಸದು.
ಎಡಗಾಲು ಅವನಿಗೆ ನಿಲ್ಲೋದಕ್ಕೆ ಮಾತ್ರ
ಎಂದು ಊರೆಲ್ಲ ನಗುತ್ತಿತ್ತು, ಪ್ರೀತಿಯಿಂದ.
ಮಾಂಸದ ಕಾರ್ಖಾನೆಯ ಚಿಮಣಿ ತಣ್ಣಗಾದ ಮೇಲೆ
ಉರುಗ್ವೆ ನದಿಯ ಈ ದಂಡೆಯಲ್ಲಿ
ಬೆಚ್ಚಗೆ ಉಳಿದದ್ದು ಆ ಬಲಗಾಲೊಂದೇ.

ಇಟಲಿಗೆ ಹೋದ. ಕೆಟ್ಟ ಮಂಡಿ, ಒಳ್ಳೆಯ ಕೋಟು ತಂದ.
ಅಧ್ಯಕ್ಷ ಡಾನ್ ಅನಿಬಲ್ ವಾದ್ಯ ಬಾರಿಸಿ ಅವನನ್ನು ಮ್ಯಾನೇಜರ್ ಮಾಡಿದ.
"ವಜ್ರವನ್ನು ವಜ್ರದಿಂದಲೇ ಕೊಯ್ಯಬೇಕು" ಅಂದ.
ನಮ್ಮ ಹುಡುಗರು ಹೊಳೆಯ ಗುಂಡುಕಲ್ಲು,
ಅದನ್ನು ಯಾರೂ ಹೇಳಲಿಲ್ಲ.
ಲೆದೆಸ್ಮಾನ ಲೆಕ್ಕ ಚುಕ್ತಾ ಮಾಡಿ ಕಳಿಸಿದರು.
ಹನ್ನೊಂದು ವರ್ಷ ಬೆಂಚು ಕಾಯಿಸಿದ್ದವನು ಅವನು,
ಬೂಟಿಗೆ ಕೆಸರಿಗಿಂತ ಕಡಲೆಕಾಯಿ ಸಿಪ್ಪೆಯೇ ಹೆಚ್ಚು.
ಆದರೂ ಆಡಲು ಬಿಡದಿದ್ದರೆ ಏನು ಮಾಡುತ್ತಾನೆ ಮನುಷ್ಯ?
ನೋಡುತ್ತಾನೆ. ಅವನು ನೋಡಿದ್ದ.

ಮೊದಲ ದಿನ ನೆಲ್ಸನ್ ಚೆಂಡಿಟ್ಟ, ಒದ್ದ.
ಹುಡುಗರ ಗೋಡೆ ದಾಟಿ ಅದು
ಹಾಲು ಕದ್ದ ಬೆಕ್ಕಿನ ಹಾಗೆ ಮೂಲೆಗಿಳಿಯಿತು.
"ಹೀಗೆ" ಅಂದ.
ಬೇಕರಿಯವನ ಮಗ ಯಾಮಂದು, ಹದಿನೇಳರವನು, ಕೈ ಎತ್ತಿದ:
"ಹೇಗೆ?"
ಮತ್ತೆ ಇಟ್ಟ, ಮತ್ತೆ ಒದ್ದ, ಮತ್ತೆ ಅದೇ ಮೂಲೆ.
"ಹೀಗೆ!"

ಒಂದು ಸ್ವರದ ದೂರ.
ಅದನ್ನು ದಾಟಲು ದೋಣಿ ಇರಲಿಲ್ಲ.

ಮಳೆ ಬಂದರೆ ನಮ್ಮಜ್ಜಿ ರೊಟ್ಟಿ ಕರಿಯುತ್ತಿದ್ದಳು.
ಉಪ್ಪೆಷ್ಟು ಅಂದರೆ "ಬೇಕಾದಷ್ಟು".
ಅವಳನ್ನು ಮಣ್ಣು ಮಾಡಿದ ದಿನ
ಆ ರುಚಿಯನ್ನೂ ಜೊತೆಗೇ ಮಣ್ಣು ಮಾಡಿದೆವು.

ಏಳು ಪಂದ್ಯ ಸೋತೆವು.
"ಇಷ್ಟು ಸುಲಭದ್ದು ಬರಲ್ವಾ!" ಎಂದು ಕೂಗುತ್ತಿದ್ದ.
ಅವನಿಗೆ ನಿಜವಾಗಿ ಸುಲಭವೇ. ಅದೇ ಗೋಳು.
ಹುಡುಗರು ಕೇಳುವುದು ಬಿಟ್ಟರು.

ಒಂದು ಗುರುವಾರ ಸಂಜೆ ನಲ್ಲಿ ನಿಲ್ಲಿಸಲು ಹೋದೆ.
ಕರೆಂಟಿನ ಬಾಕಿಯಿಂದ ಉರಿಯುತ್ತಿದ್ದದ್ದು ಒಂದೇ ದೀಪ.
ಅದರಡಿ ನೆಲ್ಸನ್, ಎಡಗಾಲಲ್ಲಿ ಒದೆಯುತ್ತಿದ್ದ.
ಚೆಂಡು ಮೂಲೆಯ ಬಾವುಟಕ್ಕೆ, ನದಿಯ ಜೊಂಡಿಗೆ, ಎಲ್ಲೆಲ್ಲಿಗೋ.
ಒಮ್ಮೆ ಚೆಂಡೇ ಸಿಗದೆ ಬಿದ್ದ.
ಎದ್ದು ಆ ಕಾಲನ್ನು
ಪಕ್ಕದ ಮನೆಯ ಮಗುವನ್ನು ನೋಡುವಂತೆ ನೋಡಿದ.
ಆಮೇಲೆ ತನಗೆ ತಾನೇ ಗಟ್ಟಿಯಾಗಿ ಕೇಳಿಕೊಂಡ:
"ಹೇಗೆ?"

ದೀಪ ಆರಿಸದೆ ಬಂದೆ.

ಮರುದಿನ ಹುಲ್ಲಿನ ಮೇಲೆ ಕೂತು
ಯಾಮಂದುವಿನ ಹರಡು ಹಿಡಿದಿದ್ದ:
"ನನ್ನನ್ನು ನೋಡಬೇಡ. ನಿಲ್ಲುವ ಕಾಲು ಮೊದಲು.
ಚೆಂಡಿಗೆ ಒಂದು ಗೇಣು ದೂರ. ಸೊಂಟ ಎಲ್ಲಿದೆ, ಹೇಳು.
ತಡಿ, ನನಗೂ ಇದು ನಿನ್ನೆ ತನಕ ಗೊತ್ತಿರಲಿಲ್ಲ."

ಭಾನುವಾರ ಯಾಮಂದು ಒದ್ದದ್ದು ಕಂಬಕ್ಕೆ ಬಡಿಯಿತು.
ಕಂಬ ಇನ್ನೂ ನಡುಗುತ್ತಿದೆ ಎನ್ನುತ್ತಾನೆ ಅವನಪ್ಪ, ಬ್ರೆಡ್ಡು ಕಟ್ಟಿಕೊಡುತ್ತ.
ಅದನ್ನೂ ಸೋತೆವು.
ನವೆಂಬರಿನಲ್ಲಿ ನೆಲ್ಸನ್‌ನ ಲೆಕ್ಕವೂ ಚುಕ್ತಾ ಆಯಿತು.
ಡಾನ್ ಅನಿಬಲ್ ಇನ್ನೊಂದು ವಜ್ರ ಹುಡುಕುತ್ತಿದ್ದಾನೆ.

ದೊಡ್ಡ ಆಟಗಾರ ಒಳ್ಳೆಯ ಮೇಷ್ಟ್ರಾಗುತ್ತಾನಾ
ಎಂದು ಮಾಟೆ ಹೀರುತ್ತ ಕೇಳುತ್ತಾರೆ ಬಾಗಿಲಲ್ಲಿ.
ಅವನು ಬಿಟ್ಟುಹೋದ ಜೋಡನ್ನು ಕಪಾಟಿನಿಂದ ತೆಗೆದು ತೋರಿಸುತ್ತೇನೆ:
ಬಲಗಾಲಿನದು ಹೊಸದು.
ಎಡಗಾಲಿನದರ ಮೂತಿ ಕಿತ್ತಿದೆ, ಹೊಲಿಗೆಯಲ್ಲಿ ಜೊಂಡಿನ ಎಸಳು.

ಅದೊಂದನ್ನು ಮಾತ್ರ ತೊಳೆದಿಲ್ಲ.